ಬಲತುದಿಯ ಗೊಂಬೆ

'ಮೂವರು ಅಕ್ಕತಂಗಿಯರು' ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಬೇಕು ಅನ್ನುವಷ್ಟರಲ್ಲಿ ಶಿಗೆಕಿಯ ಕೈ ನಿಂತಿತು. ಅಕ್ಷರಗಳೇನೋ ಚೆನ್ನಾಗಿ ಬಂದಿದ್ದವು. ಈ ನಾಲ್ಕು ತಿಂಗಳಲ್ಲಿ ಇಷ್ಟು ನೆಟ್ಟಗೆ ಅವನು ಒಂದು ಸಾಲನ್ನೂ ಬರೆದಿರಲಿಲ್ಲ. ಕೈ ನಿಲ್ಲಿಸಿದ್ದು ಆ ಮೊದಲ ಮಾತು. ಮೂವರು. ಫೋಟೋ ನೋಡಿದ, ಎಣಿಸಿದ, ಮತ್ತೆ ಎಣಿಸಿದ. ಎಡಗಡೆ ದೊಡ್ಡತ್ತೆ ಫುಸಾಯೆ, ಆಗ ಇಪ್ಪತ್ತೆರಡು, ಮದುವೆ ಗೊತ್ತಾಗಿದ್ದ ವಾರ. ಬಲಗಡೆ ಚಿಕ್ಕತ್ತೆ ನೊಬು, ಹದಿನೈದು, ನಗು ತಡೆಯಲು ಕೆಳತುಟಿ ಕಚ್ಚಿಕೊಂಡ ಮುಖ. ನಡುವೆ ಅವನ ಹೆಂಡತಿಯ ತಾಯಿ ತೊಯೊಕೊ, ಹತ್ತೊಂಬತ್ತು. ಆ ತೊಯೊಕೊಗೆ ಇವತ್ತು ಎಂಬತ್ತೆಂಟು. ಇವರ ಲಿಪಿಯಲ್ಲಿ ಅಕ್ಕಿ ಎಂದು ಬರೆಯುವ ಅಕ್ಷರವನ್ನು ಬಿಡಿಸಿದರೆ ಎಂಟು, ಹತ್ತು, ಎಂಟು ಎಂದು ಎಂಬತ್ತೆಂಟಾಗುತ್ತದೆ, ಅದಕ್ಕೇ ಇದನ್ನು ಅಕ್ಕಿಯ ಹುಟ್ಟುಹಬ್ಬವೆಂದು ದೊಡ್ಡದಾಗಿ ಮಾಡುತ್ತಾರೆ. ಹನ್ನೆರಡಕ್ಕೆ ಮೂವರೂ ಈ ಮನೆಗೆ ಊಟಕ್ಕೆ ಬರುತ್ತಾರೆ. ಊಟವಾದ ಮೇಲೆ, ಅವನು ಕೈಯಾರೆ ಕತ್ತರಿಸಿ, ಅಂಟಿಸಿ, ಬರೆದು ಮಾಡಿದ ಇಪ್ಪತ್ತೆರಡು ಹಾಳೆಯ ಈ ಆಲ್ಬಮ್ಮನ್ನು ಅತ್ತೆಯ ಕೈಯಲ್ಲಿಡಬೇಕು. ಅದರ ಕೊನೆಯ ಹಾಳೆಯಲ್ಲಿ ಅತ್ತೆ ಮೂವರ ನಡುವೆ ನಿಂತಿದ್ದಾರೆ.

ಗುರುವಾರ ಮಧ್ಯಾಹ್ನದವರೆಗೆ ಅಲ್ಲಿ ನಾಲ್ಕನೆಯದೊಂದಿತ್ತು. ಬಲತುದಿಯಲ್ಲಿ, ನೊಬುವಿನ ಪಕ್ಕ, ಮಣೆಯ ಮೇಲೆ ಕೂರಿಸಿದ ಒಂದು ಗೊಂಬೆ. ಫೋಟೋ ಹಾಳೆಗಿಂತ ಒಂದೂವರೆ ಬೆರಳು ಅಗಲವಿತ್ತು. ಹುಡುಗಿಯರ ಮೂರೂ ಮುಖ ಈಗ ತೊಳೆದಷ್ಟು ಸ್ಪಷ್ಟವಾಗಿದ್ದರೆ ಗೊಂಬೆ ಮಾತ್ರ ಮಸುಕಾಗಿತ್ತು, ತಲೆ ಎರಡೆರಡಾಗಿ ಕದಡಿಹೋಗಿತ್ತು. ಜೀವ ಇರುವವರು ಅಲುಗಾಡದೆ ನಿಂತಿರುವಾಗ ಗೊಂಬೆ ಹೇಗೆ ಅಲುಗಾಡಿತು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಅನ್ನಿಸಿದ್ದನ್ನು ಹಿಡಿದುಕೊಂಡು ಕೂರುವ ಸ್ವಭಾವ ಅವನದಲ್ಲ. ಕತ್ತರಿ ಹಾಕಿಯೇಬಿಟ್ಟಿದ್ದ. ಹಳೆಯ ಫೋಟೋಗೆ ಕತ್ತರಿ ತಾಗಿಸಬೇಡಿ, ಮೊದಲು ಪ್ರತಿ ತೆಗೆಸಿ, ಪ್ರತಿಯನ್ನು ಕತ್ತರಿಸಿ ಎಂದು ಆಲ್ಬಮ್ ಮಾಡುವುದನ್ನು ಕಲಿಸುವ ತರಗತಿಯ ನಾರುಮಿ ಟೀಚರ್ ನಾಲ್ಕು ತಿಂಗಳಿಂದ ಹೇಳುತ್ತಿದ್ದರು, ಅವನ ಮುಖವನ್ನೇ ನೋಡಿ ಹೇಳಿದ್ದರು. ಪ್ರತಿ ತೆಗೆಸಲು ಅವನು ಬೀದಿ ತುದಿಯ ಅಂಗಡಿಗೆ ಹೋಗಿಯೂ ಇದ್ದ. ಅಲ್ಲಿ ಯಂತ್ರದ ಮುಂದೆ ಒಬ್ಬ ಹೆಂಗಸು ಇಡೀ ಹಾಡಿನ ಪುಸ್ತಕವನ್ನೇ ತಿರುವಿ ತಿರುವಿ ಹಾಕುತ್ತಿದ್ದಳು. ಐದು ನಿಮಿಷ ನಿಂತ, ಗಂಟಲು ಸರಿಮಾಡಿಕೊಂಡ, ಬಂದುಬಿಟ್ಟ. ಕತ್ತರಿಸಿ ಉಳಿದ ಚೂರುಗಳ ಜೊತೆ ಗೊಂಬೆಯೂ ಸುಡುವ ಕಸದ ಚೀಲಕ್ಕೆ ಬಿತ್ತು. ಶುಕ್ರವಾರ ಬೆಳಿಗ್ಗೆ ಆ ಚೀಲದ ಬಾಯಿ ಕಟ್ಟಿ, ಈ ಊರಿನ ನಿಯಮದಂತೆ ಅದರ ಮೇಲೆ 'ಅಡಾಚಿ ಶಿಗೆಕಿ' ಎಂದು ದಪ್ಪ ಅಕ್ಷರದಲ್ಲಿ ಹೆಸರು ಬರೆದು, ತಾನೇ ಹೊತ್ತುಕೊಂಡು ಹೋಗಿ ಇಟ್ಟು ಬಂದಿದ್ದ.

ಮೂವರು ಸೇರಿ ಫೋಟೋ ತೆಗೆಸಿಕೊಂಡರೆ ನಡುವೆ ನಿಂತವರು ಬೇಗ ಸಾಯುತ್ತಾರೆ. ಇದನ್ನು ಯಾರೂ ಅವನಿಗೆ ಕೂರಿಸಿ ಹೇಳಿಕೊಟ್ಟದ್ದಲ್ಲ. ಚಿಕ್ಕಂದಿನಲ್ಲಿ ಗಾಳಿಯಲ್ಲೇ ಇತ್ತು. ಅವನ ಅಜ್ಜಿ, ಎಲ್ಲಿ ಕ್ಯಾಮೆರಾ ಕಂಡರೂ ಮೊದಲು ತಲೆ ಎಣಿಸುತ್ತಿದ್ದಳು. ಮೂರಾದರೆ ದಾರಿಯಲ್ಲಿ ಹೋಗುವವರನ್ನು ಕರೆದು ನಿಲ್ಲಿಸುತ್ತಿದ್ದಳು, ಯಾರೂ ಸಿಗದಿದ್ದರೆ ಬೆಕ್ಕು, ಅದೂ ಇಲ್ಲದಿದ್ದರೆ ಒಂದು ಗೊಂಬೆ. ಒಮ್ಮೆ ಅವಳು ಇವನ ಕೈಗೆ ಒಂದು ಮೂಲಂಗಿ ಕೊಟ್ಟು, ಅದಕ್ಕೆ ಕರವಸ್ತ್ರ ಸುತ್ತಿ, ಹಿಡಿದುಕೋ, ಇವನೂ ಒಬ್ಬ ಎಂದಿದ್ದಳು. ಆ ಫೋಟೋ ಈಗಲೂ ಇದೆ: ಇವನು, ಅಣ್ಣ, ಅಮ್ಮ, ಮೂಲಂಗಿ. ಮೂಲಂಗಿಯನ್ನು ಮನುಷ್ಯ ಎಂದು ಒಪ್ಪಿಕೊಂಡಿದ್ದವನು ಗೊಂಬೆಯನ್ನು ಕಸ ಎಂದುಕೊಂಡದ್ದು ಹೇಗೆ? ಅವನು ಅದನ್ನೆಲ್ಲ ನಂಬುತ್ತಾನೆ ಎಂದಲ್ಲ. ಮೂವತ್ತು ವರ್ಷ ಊರ ಬಸ್ಸು ಓಡಿಸಿದವನು, ಮೂರು ಮೂರು ಜನ ಸೀಟಿನಲ್ಲಿ ಕೂತದ್ದು ಎಷ್ಟು ಕಂಡಿಲ್ಲ. ನಂಬದಿದ್ದರೂ ಪೆನ್ನಿಗೆ ಮುಚ್ಚಳ ಹಾಕಲಾಗಲಿಲ್ಲ. ಅತ್ತೆಯ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತಿದ್ದಾರೆ; ಅವರನ್ನು ಹಾಗೆ ನಡುವೆ ಸಿಕ್ಕಿಸಿದವನು ಆ ಕಾಲದ ಫೋಟೋದವನಲ್ಲ, ತಾನು, ಅರವತ್ತೊಂಬತ್ತು ವರ್ಷ ಆದಮೇಲೆ, ಒಂದು ಗುರುವಾರ, ಹೆಂಡತಿಯ ಹೂವಿನ ಏಪ್ರನ್ ಕಟ್ಟಿಕೊಂಡು.

"ರೀ, ಮುಗೀತಾ? ಮೇಜು ಬಿಡಿ, ತಟ್ಟೆ ಜೋಡಿಸ್ಬೇಕು." ಹೆಂಡತಿ ಮಿಹೋ ಅಡುಗೆಮನೆಯಿಂದ ಬಂದಳು. ಅವಳ ಜೊತೆಗೆ ಕೆಂಪು ಕಾಳಿನ ಅನ್ನದ ಹಬೆಯೂ ಬಂತು.

ಶಿಗೆಕಿ ದಿನಪತ್ರಿಕೆಯನ್ನು ಹಾಳೆಯ ಮೇಲೆ ಎಳೆದುಕೊಂಡ. "ಮುಗ್ದಿಲ್ಲ."

"ನಿನ್ನೆನೇ ಮುಗೀತು ಅಂದ್ರಿ."

"ನಿನ್ನೆ ಮುಗ್ದಿತ್ತು. ಇವತ್ತು ಮುಗ್ದಿಲ್ಲ."

"ಹಾಗೂ ಆಗತ್ತಾ?"

"ಆಗತ್ತೆ. ನಿಂಗೇನು ಗೊತ್ತು ಈ ಕೆಲ್ಸ?"

"ನಂಗೇನೂ ಗೊತ್ತಿಲ್ಲಪ್ಪ. ಮೂಗಿನ ಮೇಲೆ ಟೇಪು ಅಂಟ್ಕೊಂಡಿದೆ ಅನ್ನೋದು ಮಾತ್ರ ಗೊತ್ತು. ನೀಲಿದು, ಚುಕ್ಕಿ ಚುಕ್ಕಿದು."

ಅವಳು ಹೋದಮೇಲೆ ಮೂಗು ಮುಟ್ಟಿ ನೋಡಿದ. ಇತ್ತು. ಈ ಟೇಪಿನ ಜೊತೆ ಅವನ ಜಗಳ ಮೊದಲ ದಿನದ್ದು. ಸಮುದಾಯ ಭವನದ ಮೇಲಿನ ಕೋಣೆ, ಬುಧವಾರ ಮಧ್ಯಾಹ್ನ, ಏಳು ಜನ ಹೆಂಗಸರು ಮತ್ತು ಅವನು. ಎಲ್ಲರೂ ಬಣ್ಣದ ಕಾಗದದ ಟೇಪನ್ನು ಉಗುರಲ್ಲಿ ಹೀಗೆ ಗೀರಿ ಹೀಗೆ ಎಳೆದರೆ, ಅವನಿಗೆ ಮಾತ್ರ ಟೇಪಿನ ತುದಿಯೇ ಸಿಗಲಿಲ್ಲ. ಸುತ್ತು ತಿರುಗಿಸಿದ, ದೀಪಕ್ಕೆ ಹಿಡಿದ, ಕನ್ನಡಕ ಹಾಕಿದ, ತೆಗೆದ. ಕೊನೆಗೆ, ಇದಕ್ಕೆ ತುದಿ ಇಟ್ಟಿದಾರೋ ಇಲ್ವೋ ಎಂದು ಗುಡುಗಿದ್ದು ಕೆಳಗಿನ ಕೋಣೆಯ ಹಾಡಿನ ತರಗತಿಗೂ ಕೇಳಿಸಿ ಹಾಡು ನಿಂತಿತ್ತು. ನಾರುಮಿ ಟೀಚರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಅವರು ಟೇಪನ್ನು ತೆಗೆದುಕೊಂಡು ತುದಿ ಬಿಡಿಸಿ, ಅದನ್ನು ಒಂದಿಷ್ಟು ಮಡಚಿ ಕಿವಿ ಮಾಡಿ, ಏನೂ ಹೇಳದೆ ಅವನ ಮುಂದಿಟ್ಟು ಹೋದರು. ಬೈದಿದ್ದರೆ ಎದ್ದು ಬಂದುಬಿಡಬಹುದಿತ್ತು. ಆ ಮಡಚಿದ ಕಿವಿ ಅವನನ್ನು ಕೂರಿಸಿಬಿಟ್ಟಿತು. ಮುಂದಿನ ವಾರ ಹೋದ, ಅದರ ಮುಂದಿನ ವಾರವೂ. ಹಲ್ಲುಹಲ್ಲು ಅಂಚಿನ ಕತ್ತರಿ ಹಿಡಿಯಲು ಕಲಿತ. ಹೆಂಗಸರು ಅವನಿಗೆ ಮಿಠಾಯಿ ತಂದುಕೊಡತೊಡಗಿದರು. ಅವನ ಸಮುದ್ರದ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಎಂಟು ಬಗೆಯ ನೀಲಿ ಟೇಪನ್ನು ಅಡ್ಡಡ್ಡ ಹರಿದು ಅವನು ಮಾಡಿದ ಸಮುದ್ರವದು. ಅಡಾಚಿಸಾನ್, ಇದು ನಿಮ್ದೇನಾ ಎಂದು ಒಬ್ಬಳು ಕೇಳಿದಳು. ಮತ್ಯಾರದು ಎಂದು ಅವನು ಗದರಿದ. ಬಸ್ಸಿನಲ್ಲಿ ವಾಪಸು ಬರುವಾಗ, ಅದೂ ತನ್ನದೇ ಡಿಪೋದ ಬಸ್ಸಿನಲ್ಲಿ, ಕಿಟಕಿಯ ಗಾಜಿನಲ್ಲಿ ತನ್ನ ಮುಖ ನಗುತ್ತಿರುವುದು ಕಂಡು ಬೇರೆ ಕಡೆ ತಿರುಗಿ ಕೂತಿದ್ದ.

ಈ ಹಾಳೆಗಳೆಲ್ಲ ಶುರುವಾದದ್ದು ನವೆಂಬರಿನ ಆ ಪ್ರವಾಸದಿಂದ. ಮೂವರು ಮುದುಕಿಯರನ್ನು ಕಾರಿನಲ್ಲಿ ಕೂರಿಸಿಕೊಂಡು, ಸಮುದ್ರದಂಚಿನ ದಾರಿ ಹಿಡಿದು, ಎರಡು ದಿನದ ಬಿಸಿನೀರಿನ ಬುಗ್ಗೆಯ ಪ್ರವಾಸ. ಮಿಹೋಗೆ ರಜೆ ಸಿಕ್ಕಿರಲಿಲ್ಲ. ಚಿಕ್ಕತ್ತೆ ನೊಬುಗೆ ರೈಲು ನಿಲ್ದಾಣಗಳ ಮುದ್ರೆ ಸಂಗ್ರಹಿಸುವ ಹುಚ್ಚು. ಪ್ರತಿ ನಿಲ್ದಾಣದಲ್ಲೂ ಪ್ರಯಾಣಿಕರಿಗೆಂದೇ ಒಂದು ಮರದ ಮುದ್ರೆ, ಒಂದು ಶಾಯಿಪಟ್ಟಿ ಇಟ್ಟಿರುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಒತ್ತಿಕೊಳ್ಳದೆ ಆಕೆಗೆ ಊರು ನೋಡಿದಂತಾಗುವುದಿಲ್ಲ. ಕೊಹಮಾ ಎಂಬ ಚಿಕ್ಕ ನಿಲ್ದಾಣದ ಮುಂದೆ ಚಹಾಕ್ಕೆಂದು ನಿಲ್ಲಿಸಿದರು. ಚಹಾ ಆಯಿತು, ಒಣಗಿಸಿದ ಸ್ಕ್ವಿಡ್ ಮೀನು ಕೊಂಡದ್ದಾಯಿತು, ಮೂವರೂ ಸರದಿಯಲ್ಲಿ ಶೌಚಾಲಯಕ್ಕೆ ಹೋಗಿ ಬಂದದ್ದಾಯಿತು. ಹೊರಟು ಹತ್ತು ನಿಮಿಷವಾದ ಮೇಲೆ ನೊಬು, ಅಯ್ಯೋ, ಮುದ್ರೆ ಎಂದರು. ವಾಪಸು ಹೋಗೋಣ ಎನ್ನಲೂ ಇಲ್ಲ; ಅಯ್ಯೋ, ಮುದ್ರೆ ಎಂದದ್ದು ಅಷ್ಟೇ. ಬೆಳಿಗ್ಗೆಯಿಂದ ನಾಲ್ಕು ಸಲ ಕಾರು ತಿರುಗಿಸಿದ್ದ ಶಿಗೆಕಿಯ ತಲೆಯಲ್ಲಿ ಏನೋ ಪಟ್ಟನೆ ಕಡಿದುಹೋಯಿತು. "ಒಂದು ಮುದ್ರೆ ಬೀಳ್ದಿದ್ರೆ ಪ್ರಾಣ ಹೋಗತ್ತಾ?" ಎಂದು ಸ್ಟೀರಿಂಗಿಗೆ ಹೊಡೆದ. ಹಾರ್ನ್ ತಾನಾಗಿ ಕೂಗಿತು. ಹಿಂದಿನ ಸೀಟಿನ ನಡುವಿನಿಂದ ಅತ್ತೆ ಮೆಲ್ಲಗೆ, "ನಿಲ್ಸಿ ಶಿಗೆಕಿಸಾನ್. ನಾವು ನಡ್ಕೊಂಡು ಹೋಗಿ ಬರ್ತೀವಿ" ಎಂದರು. ಅವನು ನಿಲ್ಲಿಸಲಿಲ್ಲ. ಮುಂದಿನ ಒಂದು ಗಂಟೆಯಲ್ಲಿ, ಹಿಂದಿನಿಂದ ಒಂದು ಕೈ ಆಗಾಗ ಅವನ ಭುಜದ ಪಕ್ಕಕ್ಕೆ ಬಂದು, ಸುಲಿದು ನಾರು ತೆಗೆದ ಕಿತ್ತಳೆಯ ತೊಳೆಯೊಂದನ್ನು ಹಿಡಿಯುತ್ತಿತ್ತು. ಅವನು ತೆಗೆದುಕೊಂಡು ತಿಂದ. ಅದು ಅತ್ತೆಯ ಕೈ. ಆ ತೊಳೆಗಳ ಹುಳಿ ಈಗಲೂ ಹಲ್ಲಿನಲ್ಲಿದೆ. ಅಂದಿನಿಂದ ಅತ್ತೆ ಅವನ ಕಾರು ಹತ್ತಿಲ್ಲ. ಮುನಿಸಿಕೊಂಡರೆಂದು ಯಾರೂ ಹೇಳುವ ಹಾಗಿಲ್ಲ. ಬರುವಾಗ ಹೋಗುವಾಗ, ನಿಮಗ್ಯಾಕೆ ತೊಂದ್ರೆ, ಟ್ಯಾಕ್ಸಿ ಇದೆಯಲ್ಲ ಎನ್ನುತ್ತಾರೆ. ಅದನ್ನು ನಗುತ್ತಲೇ ಹೇಳುತ್ತಾರೆ. ಮೂವತ್ತು ವರ್ಷ ಊರನ್ನೆಲ್ಲ ಹತ್ತಿಸಿಕೊಂಡು ಇಳಿಸಿದವನ ಮನೆಯ ಮುಂದೆ ಪ್ರತಿ ಸಲ ಒಂದು ಟ್ಯಾಕ್ಸಿ ಬಂದು ನಿಲ್ಲುತ್ತದೆ.

ಕತ್ತರಿಸಿದ ಗೊಂಬೆಗೆ ಬದಲಾಗಿ ಏನನ್ನಾದರೂ ಅಂಟಿಸಬಹುದೇ ಎಂದು ನೋಡಿದ. ತರಗತಿಯಲ್ಲಿ ಕೊಟ್ಟಿದ್ದ ಚಿತ್ರದ ಚೀಟಿಗಳಲ್ಲಿ ಬೆಕ್ಕು, ಚಹಾದ ಕುಡಿಕೆ, ಛತ್ರಿ ಹಿಡಿದ ಕಪ್ಪೆ ಇದ್ದವು. ಕಪ್ಪೆಯನ್ನು ನೊಬುವಿನ ಪಕ್ಕ ಹಿಡಿದು ನೋಡಿದ. ಮದುವೆ ಗೊತ್ತಾದ ಮನೆಯಲ್ಲಿ ಕಪ್ಪೆ ಹಲ್ಲು ಕಿರಿಯುತ್ತಿತ್ತು. ಫೋಟೋವನ್ನೇ ಕಿತ್ತುಬಿಡೋಣವೆಂದರೆ, ಮೂಲೆಗೆ ಕಾಗದದ ಹಿಡಿಕೆ ಹಾಕಿ, ಅಂಟು ಬಳಿಯಬೇಡಿ ಎಂದ ಟೀಚರ ಮಾತನ್ನೂ ಅವನು ಕೇಳಿರಲಿಲ್ಲ. ಅಂಟು ಕಲ್ಲಾಗಿತ್ತು. ಸುಮ್ಮನೆ ಕೂರಲಾಗದೆ ಚಪ್ಪಲಿ ಮೆಟ್ಟಿ ಬೀದಿ ತುದಿಗೆ ನಡೆದ. ಕಸ ಇಡುವ ಜಾಗದಲ್ಲಿ ಕಾಗೆಗಳಿಗೆಂದು ಹಾಕುವ ಹಸಿರು ಬಲೆಯನ್ನು ಮಡಚಿಟ್ಟಿದ್ದರು. ಎರಡು ದಿನದ ಹಿಂದೆ ಹೋದ ಚೀಲ ಇಲ್ಲಿರುವುದಿಲ್ಲವೆಂದು ಗೊತ್ತಿದ್ದೂ ಬಲೆ ಎತ್ತಿ ನೋಡಿದ, ಬಗ್ಗಿ ಗೋಡೆಯ ಸಂದಿಯಲ್ಲೂ ನೋಡಿದ.

"ಅಡಾಚಿಸಾನ್, ಇವತ್ತು ಭಾನುವಾರ." ಎದುರುಮನೆಯಾಕೆ ಪೊರಕೆ ಹಿಡಿದು ನಿಂತಿದ್ದಳು. ಈ ತಿಂಗಳು ಜಾಗ ಗುಡಿಸುವ ಸರದಿ ಅವಳದು. "ಇವತ್ತು ಏನೂ ಇಡೋ ಹಾಗಿಲ್ಲ."

"ಇಡೋಕೆ ಬಂದಿಲ್ಲ. ತಗೊಳ್ಳೋಕೆ ಬಂದಿದೀನಿ."

"ತಗೊಳ್ಳೋಕಾ? ಏನನ್ನ?"

"ಗೊಂಬೆ."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ಏಪ್ರನ್ನಿನ ಹೂವುಗಳನ್ನೂ ನೋಡಿದಳು. ಎರಡು ವರ್ಷದ ಹಿಂದೆ ಇವಳು ತಪ್ಪು ದಿನ ಬಾಟಲಿ ಇಟ್ಟಳೆಂದು ಇದೇ ಜಾಗದಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದವನು ಅವನು. ಈಗ ಅವಳಿಗೆ ಅದನ್ನು ತೀರಿಸಿಕೊಳ್ಳಲು ಒಳ್ಳೆಯ ಅವಕಾಶವಿತ್ತು. ಅವಳು ಹಾಗೆ ಮಾಡದೆ, "ಬೇಕಾದ್ರೆ ನಮ್ಮನೇಲೊಂದಿದೆ. ಕೈ ಒಂದಿಲ್ಲ" ಎಂದಳು. ಬೇಡವೆಂದು ತಲೆಯಾಡಿಸಿ ವಾಪಸು ಬಂದ. ಅವಳ ಒಳ್ಳೆಯತನ ಬೆನ್ನಿಗೆ ಚುಚ್ಚುತ್ತಿತ್ತು. ಆದರೂ ಅರ್ಧ ದಾರಿಯಲ್ಲಿ ಅವನಿಗೆ, ಒಂದು ಕೈ ಇಲ್ಲದ ಗೊಂಬೆಯನ್ನು ಮನೆಯಲ್ಲಿಟ್ಟುಕೊಂಡಿರುವ ಹೆಂಗಸಿನ ಮೇಲೆ ತಾನು ಕೂಗಾಡಬಾರದಿತ್ತು ಅನ್ನಿಸಿ, ಯಾಕೋ ಸ್ವಲ್ಪ ಹಗುರವಾಯಿತು.

ಹನ್ನೆರಡಕ್ಕೆ ಟ್ಯಾಕ್ಸಿ ಬಂತು. ಮೂವರೂ ಒಬ್ಬರ ತೋಳು ಒಬ್ಬರು ಹಿಡಿದು, ಯಾರು ಯಾರನ್ನು ಇಳಿಸುತ್ತಿದ್ದಾರೆಂದು ತಿಳಿಯದ ಹಾಗೆ ಇಳಿದರು. ಎಂಬತ್ತೆಂಟಾದವರಿಗೆ ತೊಡಿಸುವ ಹೊಂಬಣ್ಣದ ತೋಳಿಲ್ಲದ ಅಂಗಿ, ಅದೇ ಬಣ್ಣದ ಟೋಪಿಯನ್ನು ಮಿಹೋ ತಾಯಿಗೆ ತೊಡಿಸಿದಳು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, "ಮೊಟ್ಟೆ ಪಲ್ಯ ಇದ್ದ ಹಾಗಿದೀನಿ" ಎಂದರು. "ಉಪ್ಪು ಜಾಸ್ತಿ ಆದ ಮೊಟ್ಟೆ ಪಲ್ಯ" ಎಂದರು ತೊಂಬತ್ತೊಂದರ ಫುಸಾಯೆ. ಊಟಕ್ಕೆ ಕೆಂಪು ಕಾಳಿನ ಅನ್ನ, ಕೆರೆಯ ಚಿಪ್ಪಿನ ಸಾರು, ಬಾಲ ಎತ್ತಿ ಸುಟ್ಟ ಕೆಂಪು ಮೀನು. ಚಿಪ್ಪಿನೊಳಗಿನ ಮಾಂಸ ತಿನ್ನುವುದೋ ಬಿಡುವುದೋ ಎಂದು ಅಕ್ಕತಂಗಿಯರು ಎಂಬತ್ತು ವರ್ಷದಿಂದ ಆಡುತ್ತಿರುವ ಜಗಳವನ್ನು ಇವತ್ತೂ ಆಡಿದರು. ಶಿಗೆಕಿ ಚಿಪ್ಪುಗಳನ್ನು ತಟ್ಟೆಯಲ್ಲಿ ಮೂರು ಮೂರಾಗಿ ಜೋಡಿಸುತ್ತಿರುವುದು ಅವನಿಗೇ ಕಂಡು, ಇನ್ನೊಂದನ್ನು ಪಕ್ಕಕ್ಕೆ ಸೇರಿಸಿ ನಾಲ್ಕಾಗಿಸಿದ.

ಆಲ್ಬಮ್ ಮೇಜಿನ ಮೇಲೆ ಬಂದಾಗ ಮೂವರೂ ಕನ್ನಡಕ ಬದಲಾಯಿಸಿದರು. ಅತ್ತೆ ಚೀಲದಿಂದ ಭೂತಗನ್ನಡಿಯನ್ನೂ ತೆಗೆದರು. ಮೊದಲ ಹಾಳೆಯಲ್ಲಿ ಎಂಬತ್ತೆಂಟು ಬಿಳಿ ಟೇಪಿನ ಚೂರುಗಳಿಂದ ಅವನು ಮಾಡಿದ್ದ ಅಕ್ಕಿಯ ಅಕ್ಷರ. ನೊಬು ನಿಜವಾಗಿ ಎಣಿಸಿದರು, ಎಂಬತ್ತೇಳು ಎಂದರು. ಫುಸಾಯೆ ಎಣಿಸಿ ಎಂಬತ್ತೊಂಬತ್ತು ಎಂದರು. "ಇಬ್ಬರದ್ದೂ ಸೇರ್ಸಿ ಎರಡ್ರಲ್ಲಿ ಭಾಗ ಮಾಡಿ, ಸರಿಯಾಗಿದೆ" ಎಂದರು ಅತ್ತೆ. ಸಮುದ್ರದ ಹಾಳೆ ಬಂತು. ಅತ್ತೆ ಅದರ ಮೇಲೆ ಬೆರಳಾಡಿಸಿ ಅಲೆಯ ಏಣುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಬಿಸಿನೀರಿನ ಮನೆಯ ಮುಂದೆ ಮೂವರೂ ಕೆಂಪಗೆ ಬೆಂದ ಏಡಿಗಳ ಹಾಗೆ ನಿಂತ ಫೋಟೋ ಬಂದಾಗ ನೊಬು ನಕ್ಕು ನಕ್ಕು ಕೆಮ್ಮಿದರು. ಅದರಲ್ಲೂ ಮೂವರೇ. ಆದರೆ ಬೆನ್ನಹಿಂದೆ ಹೋಟೆಲಿನವಳು ತಟ್ಟೆ ಹಿಡಿದು ಹೋಗುತ್ತಿದ್ದಳು, ಅವಳೂ ಲೆಕ್ಕಕ್ಕೆ ಬರುತ್ತಾಳೆ ಎಂದು ಶಿಗೆಕಿ ಬೆಳಿಗ್ಗೆಯೇ ಎಲ್ಲ ಹಾಳೆಗಳನ್ನೂ ತಿರುವಿ ಖಾತ್ರಿ ಮಾಡಿಕೊಂಡಿದ್ದ. ಆಮೇಲೆ ಕೊಹಮಾ. ಆ ಹಾಳೆಯಲ್ಲಿ ಫೋಟೋ ಇಲ್ಲ. ಹಾಳೆಯ ನಡುವೆ ಒಂದು ದುಂಡು ಮುದ್ರೆ: ದೀಪಸ್ತಂಭ, ಅದರ ಬುಡದಲ್ಲೊಂದು ಹತ್ತು ಕಾಲಿನ ಸ್ಕ್ವಿಡ್, ಸುತ್ತ ನಿಲ್ದಾಣದ ಹೆಸರು. ಸ್ವಲ್ಪ ಓರೆಯಾಗಿ ಬಿದ್ದಿತ್ತು, ಸ್ಕ್ವಿಡ್ಡಿನ ಎರಡು ಕಾಲು ಶಾಯಿ ಹೆಚ್ಚಾಗಿ ಕಲಸಿಹೋಗಿದ್ದವು.

ನೊಬು ಮುದ್ರೆಯನ್ನು ನೋಡಿದರು, ಅವನನ್ನು ನೋಡಿದರು. "ಇದು ಎಲ್ಲಿಂದ ಬಂತು?"

"ಅಲ್ಲಿಂದ."

"ಅಂದ್ರೆ?"

"ಅಂದ್ರೆ ಕೊಹಮಾದಿಂದ ಚಿಕ್ಕತ್ತೆ. ಜನವರಿ ರಜೇಲಿ ಹೋಗಿದ್ದೆ. ಹಾಳೆನೇ ತಗೊಂಡ್ಹೋಗಿ ಅಲ್ಲೇ ಒತ್ತಿಸ್ಕೊಂಡು ಬಂದೆ."

"ಎರಡೂವರೆ ಗಂಟೆ ದಾರಿ. ಒಂದು ಮುದ್ರೆಗೆ?" ನೊಬು ಭೂತಗನ್ನಡಿ ಕಿತ್ತುಕೊಂಡು ಸ್ಕ್ವಿಡ್ಡಿನ ಕಾಲು ಎಣಿಸುವ ಹಾಗೆ ಮಾಡಿದರು. "ಒತ್ತಿಸ್ಕೊಳ್ದೆ ಇದ್ದಿದ್ರೆ ಪ್ರಾಣ ಹೋಗ್ತಿತ್ತಾ ಶಿಗೆಕಿಸಾನ್?"

ಫುಸಾಯೆ ಬಾಯಿಗೆ ಕೈ ಅಡ್ಡ ಹಿಡಿದರು. ಮಿಹೋ ಅಡುಗೆಮನೆಗೆ ತಿರುಗಿದಳು, ಅವಳ ಬೆನ್ನು ನಗುತ್ತಿತ್ತು. "ಹೋಗ್ತಿತ್ತು" ಎಂದ ಶಿಗೆಕಿ. ಕಿವಿ ಬಿಸಿಯಾಗಿತ್ತು, ಆದರೆ ಅದು ಕೋಪದ ಬಿಸಿಯಲ್ಲ ಎಂದು ಅವನಿಗೇ ಗೊತ್ತಾಗಿ ಆಶ್ಚರ್ಯವಾಯಿತು. ಅತ್ತೆ ಮುದ್ರೆಯ ಮೇಲೆ ಅಂಗೈ ಇಟ್ಟು, ಅದು ಬೆಚ್ಚಗಿದೆಯೋ ಎಂದು ನೋಡುವವರಂತೆ, ಸ್ವಲ್ಪ ಹೊತ್ತು ಹಾಗೇ ಕೂತರು. ಅಲ್ಲಿಗೆ ಆಲ್ಬಮ್ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅಷ್ಟು ಸಂತೋಷ ಅವನಿಗೆ ಬೇಕಾದಷ್ಟಾಗಿತ್ತು, ಅದನ್ನು ಹೊತ್ತುಕೊಂಡು ಎದ್ದುಬಿಡಬಹುದಿತ್ತು. ಇನ್ನು ಐದು ಹಾಳೆ. ನಾಲ್ಕು. ಎರಡು. ಕೊನೆಯದು ಬರುವಾಗ ಅವನು ತಾನೇ ಕೈ ಹಾಕಿ, ಹಾಳೆಯ ಜೊತೆ ಹಿಂಬದಿಯ ರಟ್ಟನ್ನೂ ಸೇರಿಸಿ ಒಟ್ಟಿಗೆ ಮಗುಚಿದ.

"ಎರಡು ಒಟ್ಟಿಗೆ ತಿರುಗ್ಸಿದ್ರಿ" ಎಂದರು ಫುಸಾಯೆ. ತೊಂಬತ್ತೊಂದರ ಕಣ್ಣು.

"ಅಲ್ಲೇನಿಲ್ಲ ದೊಡ್ಡತ್ತೆ."

"ಇಲ್ದೆ ಇದ್ರೆ ತೋರ್ಸೋಕೇನು?"

ರಟ್ಟು ವಾಪಸು ಬಂತು. ಕಪ್ಪುಬಿಳುಪಿನ ಮೂವರು ಹುಡುಗಿಯರು ಮೂವರು ಮುದುಕಿಯರನ್ನು ನೋಡಿದರು. ಅತ್ತೆಯ ಭೂತಗನ್ನಡಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು. ಅಕ್ಕನನ್ನು ದಾಟಿ, ತನ್ನನ್ನು ದಾಟಿ, ತಂಗಿಯನ್ನು ದಾಟಿ, ಹಾಳೆಯ ಬಿಳಿಯ ಮೇಲೆ ಬಂದು ನಿಂತಿತು.

"ಒಚಿಯೋ ಎಲ್ಲಿ?" ಎಂದರು.

ಗೊಂಬೆಗೆ ಹೆಸರೂ ಇತ್ತು. ಕುರ್ಚಿಯ ಕೆಳಗಿನ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು ಶಿಗೆಕಿಗೆ. ಸುಳ್ಳು ಹೇಳಲು ಅವನಿಗೆ ಎಂದೂ ಬಂದಿರಲಿಲ್ಲ, ಅದಕ್ಕೆ ಬೇಕಾದ ತಾಳ್ಮೆಯೇ ಅವನಲ್ಲಿಲ್ಲ. "ಕತ್ತರಿಸ್ಬಿಟ್ಟೆ ಅತ್ತೆ. ಗುರುವಾರ. ಫೋಟೋ ಅಗಲ ಜಾಸ್ತಿಯಿತ್ತು, ಗೊಂಬೆ ಮಸುಕಾಗಿತ್ತು, ಯೋಚ್ನೆ ಮಾಡ್ಲಿಲ್ಲ. ಪ್ರತಿ ಅಲ್ಲ, ಅಸಲೀನೇ. ಶುಕ್ರವಾರ ಕಸದ ಗಾಡೀಲಿ ಹೋಯ್ತು. ಇವತ್ತು ಬೆಳಿಗ್ಗೆ ಗೊತ್ತಾಯ್ತು, ನೀವು... ನಡುವೆ ಇದೀರಿ ಅಂತ." ಎದ್ದು ನಿಂತು ಸೊಂಟ ಬಗ್ಗಿಸಿದ. ಬಸ್ಸಿನ ಡಿಪೋದಲ್ಲಿ ದೂರು ಬಂದಾಗ ಬಗ್ಗಿಸಿದ್ದಕ್ಕಿಂತ ಆಳವಾಗಿ. ಹಣೆ ಮೇಜಿನ ಅಂಚಿಗೆ ತಾಗಿ ಸಾರಿನ ಬಟ್ಟಲುಗಳು ಸದ್ದು ಮಾಡಿದವು.

ಬಗ್ಗಿಕೊಂಡೇ ಅವನಿಗೆ ಒಂದು ವಿಚಿತ್ರ ಸದ್ದು ಕೇಳಿಸಿತು. ಅಳುವೆಂದುಕೊಂಡ. ತಲೆಯೆತ್ತಿದರೆ ಅತ್ತೆ ನಗುತ್ತಿದ್ದರು. ಟೋಪಿ ಜಾರಿ ಒಂದು ಕಣ್ಣು ಮುಚ್ಚಿತ್ತು. "ನಡುವೆ ನಿಂತವ್ರು ಬೇಗ ಸಾಯ್ತಾರೆ ಅಂತ ತಾನೆ ಮಾತು?" ಎಂದರು. "ಎಂಬತ್ತೆಂಟಾಯ್ತಪ್ಪ. ನಾನಿನ್ನು ಹೇಗೆ ಸತ್ರೂ ಬೇಗ ಸತ್ತ ಹಾಗಾಗಲ್ಲ."

"ಅದೂ ನಿಜಾನೇ" ಎಂದರು ನೊಬು. "ಈಗ ಬೇಗ ಸಾಯ್ಬೇಕು ಅಂದ್ರೂ ಕಾಲ ಮೀರಿ ಹೋಯ್ತು."

"ನೀವಿಬ್ರೂ ನಗ್ತೀರಿ" ಎಂದರು ಫುಸಾಯೆ, ಅವರು ನಗಲಿಲ್ಲ. "ನಾಲ್ಕಾಗ್ಲಿ ಅಂತ ಅಮ್ಮ ಒಳಗಡೆ ಓಡಿಹೋಗಿ ತಂದು ಕೂರ್ಸಿದ್ದು ಅದು, ಬರಿಗಾಲಲ್ಲಿ. ನಂಗೆ ನೆನಪಿದೆ. ಅಮ್ಮನ ಕೆಲ್ಸ ಕಸಕ್ಕೆ ಹಾಕೋ ಹಾಗಿಲ್ಲ. ನಾಲ್ಕು ಮಾಡ್ಬೇಕು."

ಅತ್ತೆಯ ನಗು ನಿಂತಿತು. ಅಮ್ಮ ಎಂಬ ಮಾತಿಗೆ ಮೂವರೂ ಸ್ವಲ್ಪ ಹೊತ್ತು ಚಿಕ್ಕವರಾದರು. ಅತ್ತೆ ಆಲ್ಬಮ್ಮನ್ನು ಹಿಂದಕ್ಕೆ ತಿರುಗಿಸತೊಡಗಿದರು, ಒಂದೊಂದೇ ಹಾಳೆ, ಏನನ್ನೋ ಹುಡುಕುವವರ ಹಾಗೆ ಭೂತಗನ್ನಡಿ ಹಿಡಿದು. ಮೊದಲಿನ ಹಾಳೆ ತಲುಪಿ ಮುಚ್ಚಿದರು. "ಶಿಗೆಕಿಸಾನ್, ಇದ್ರಲ್ಲಿ ನೀವೆಲ್ಲಿ?"

"ನಾನಾ? ತೆಗ್ದಿದ್ದು ನಾನು."

"ಅದಲ್ಲ. ಇಪ್ಪತ್ತೆರಡು ಹಾಳೆ ನೋಡ್ದೆ. ಒಂಬತ್ತನೇದ್ರ ಮೂಲೇಲಿ ಒಂದು ಹೆಬ್ಬೆರಳಿದೆ, ಅದು ನಿಮ್ದೇ ಇರ್ಬೇಕು. ಇನ್ನೊಂದ್ರಲ್ಲಿ ನೆಲದ ಮೇಲೆ ನೆರಳಿದೆ. ಅಷ್ಟೇನಾ ನೀವು?"

ಈ ನಾಲ್ಕು ತಿಂಗಳಲ್ಲಿ ಅವನು ಸಾವಿರ ಸಲ ಆ ಹಾಳೆಗಳನ್ನು ತಿರುವಿದ್ದ, ತಾನಿಲ್ಲ ಎಂಬುದು ಅವನಿಗೆ ಕಂಡೇ ಇರಲಿಲ್ಲ. ಇರಬೇಕೆಂದೂ ಅನ್ನಿಸಿರಲಿಲ್ಲ. ಬಸ್ಸು ಓಡಿಸುವವನು ಪ್ರಯಾಣಿಕರ ಲೆಕ್ಕದಲ್ಲಿ ಬರುವುದಿಲ್ಲ.

"ಮಿಹೋ, ನಿನ್ನ ಫೋನ್ ತಗೊಂಡು ಬಾ" ಎಂದರು ಅತ್ತೆ. "ಅಕ್ಕ, ಎಡಗಡೆ. ನೊಬು, ಬಲಗಡೆ. ಕಾಲ್ಮಣೆ ಇದ್ಯಾ ಈ ಮನೇಲಿ?"

ಸ್ನಾನದ ಮನೆಯ ಪುಟ್ಟ ಮಣೆ ಬಂತು. ಅದನ್ನು ಬಲತುದಿಯಲ್ಲಿ, ನೊಬುವಿನ ಪಕ್ಕ ಇಟ್ಟರು. ಐವತ್ತೆಂಟು ವರ್ಷದ, ಬೋಳುತಲೆಯ, ಹೂವಿನ ಏಪ್ರನ್ನಿನ ಶಿಗೆಕಿ ಅದರ ಮೇಲೆ ಕೂತ. ಮೊಣಕಾಲು ಗಲ್ಲಕ್ಕೆ ತಾಗಿತು.

"ನಾನು ಮಾತ್ರ ಯಾಕೆ ಕೆಳ್ಗೆ—"

"ಗೊಂಬೆ ಮಾತಾಡಲ್ಲ" ಎಂದರು ಅತ್ತೆ.

ಮೂವರೂ ನಿಂತರು, ಒಬ್ಬರ ತೋಳು ಒಬ್ಬರು ಹಿಡಿದು. ಮಿಹೋ ಫೋನನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು, ಬೆಳಕಿಗೆ ಬೆನ್ನು ಹಾಕಿಸಿ ನಿಲ್ಲಿಸಿದಳು. ಕಿಟಕಿ ಹಿಂದಿದ್ದರೆ ಮುಖ ಕಪ್ಪಾಗುತ್ತದೆ ಎಂದು ಹೇಳಲು ಅವನ ನಾಲಿಗೆ ತುರಿಸಿತು. ನಾಲ್ಕು ತಿಂಗಳು ಕಲಿತವನು ಅವನು. ಬಾಯಿ ಮುಚ್ಚಿಕೊಂಡು ಮುಂದೆ ನೋಡಿದ. ಗೊಂಬೆಗೆ ಹೀಗೆ ಕಾಣುತ್ತದೆ ಲೋಕ: ಎದುರಿಗೆ ಹೆಂಡತಿಯ ಮೊಣಕಾಲು, ಮೇಜಿನ ಮೇಲೆ ಕಿತ್ತಳೆಯ ಬುಟ್ಟಿ, ಮೀನಿನ ಬಾಲ. ಏನನ್ನೂ ತಿದ್ದಬೇಕಾಗಿಲ್ಲ. ತಿದ್ದುವ ಕೆಲಸ ಗೊಂಬೆಯದಲ್ಲ. ಅಲ್ಲಿರುವುದಷ್ಟೇ ಅದರ ಕೆಲಸ. ಇಷ್ಟು ಸುಲಭದ ಕೆಲಸವನ್ನು ಈವರೆಗೆ ಯಾರೂ ತನಗೆ ಕೊಟ್ಟಿರಲಿಲ್ಲವಲ್ಲ ಎಂದುಕೊಂಡ. ಒಂದು, ಎರಡು ಎಂದು ಮಿಹೋ ಎಣಿಸಿದಳು. ಮೂರು ಎನ್ನುವ ಹೊತ್ತಿಗೆ ಯಾವುದೋ ಎರಡು ಬೆರಳು ಅವನ ಪಕ್ಕೆಗೆ ಬಲವಾಗಿ ತಿವಿದವು.

ಮಿಹೋ ಫೋನ್ ನೋಡಿದಳು. "ಎಲ್ಲಾ ಚೆನ್ನಾಗಿ ಬಂದಿದೆ. ಗೊಂಬೆ ಮಾತ್ರ ಅಲ್ಲಾಡಿಬಿಟ್ಟಿದೆ."

ಶಿಗೆಕಿ ಪಕ್ಕೆ ಹಿಡಿದುಕೊಂಡು ಮೇಲೆ ನೋಡಿದ. ಎಂಬತ್ತನಾಲ್ಕರ ನೊಬು ಕೆಳತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

"ಆಗ್ಲೂ ಅಲ್ಲಾಡಿತ್ತು" ಎಂದರು ಫುಸಾಯೆ.

"ಆಗ್ಲೂ ನೀನೇನಾ?" ಎಂದು ಅತ್ತೆ ತಂಗಿಯ ಕಡೆ ತಿರುಗಿದರು. "ಅರವತ್ತೊಂಬತ್ತು ವರ್ಷ ಗಾಳಿ ಗಾಳಿ ಅಂತಿದ್ದೆಯಲ್ಲೇ."

ಇನ್ನೊಂದು ತೆಗೆಯುತ್ತೇನೆಂದು ಮಿಹೋ ಹೇಳಿದಳು. ಎಲ್ಲರೂ ಬೇಡವೆಂದರು, ಇದೇ ಇರಲಿ, ಇದನ್ನೇ ಅಂಟಿಸಬೇಕು, ಆ ಫೋಟೋದ ಕೆಳಗೇ. ಅಗಲ ಹೆಚ್ಚಾದರೆ ಹಾಳೆಯನ್ನು ದೊಡ್ಡದು ಮಾಡಿ ಎಂದರು ಫುಸಾಯೆ. ಮಣೆಯಿಂದ ಏಳಲು ಅವನ ಮೊಣಕಾಲು ಒಪ್ಪಲಿಲ್ಲ. ಮೂವರೂ ಸೇರಿ ಎಳೆದರು, ಯಾರು ಯಾರನ್ನು ಏಳಿಸುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ.

ಮೂರೂವರೆಗೆ ಮಿಹೋ ಎಂದಿನಂತೆ ಟ್ಯಾಕ್ಸಿಗೆ ಹೇಳಲು ಫೋನ್ ಎತ್ತಿಕೊಂಡಳು. ಅತ್ತೆ ಹೊಂಬಣ್ಣದ ಟೋಪಿಯನ್ನು ತೆಗೆಯದೆಯೇ ಅದರ ಮೇಲೆ ಶಾಲು ಸುತ್ತಿಕೊಳ್ಳುತ್ತಿದ್ದರು.

"ಟ್ಯಾಕ್ಸಿ ಬೇಡ ಬಿಡು" ಎಂದರು. "ಈ ಗೊಂಬೆಗೆ ಕಾರು ಓಡ್ಸೋಕೆ ಬರತ್ತೆ."

ಮಾತಾಡಲು ಅಪ್ಪಣೆಯಾಗಿದೆಯೋ ಇಲ್ಲವೋ ಗೊತ್ತಾಗದೆ ಶಿಗೆಕಿ ಸುಮ್ಮನೆ ಕಾರಿನ ಕೀಲಿ ಹುಡುಕಲು ಹೋದ. ವಾಪಸು ಬಂದಾಗ ಬಾಗಿಲ ಬಳಿ ನೊಬು ದಾರಿಗೆಂದು ಬುಟ್ಟಿಯಿಂದ ಕಿತ್ತಳೆ ಆರಿಸಿ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವನು ಎಣಿಸಿದ. ನಾಲ್ಕು.